ಠಾಣೆಯಲ್ಲಿ ತಿಂದ ಏಟಿಗೆ ಯಾರು ಹೊಣೆ?

ತಂಗೀ, ನಿಮ್ಮ ತಮ್ಮನ ಮೇಲಿನ ಕಳ್ಳತನದ ಆರೋಪ ನಿಜವೇ ಆಗಿದ್ದರೂ ಅವನನ್ನು ಹೊಡೆಯುವ ಅಧಿಕಾರ ಯಾವ ಪೊಲೀಸರಿಗೂ ಇಲ್ಲ. ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ.

ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ‘ಜಾರಿ ಬಿದ್ದೆ’ ಅನ್ನುವುದು ಬೇಡ; ಯಾರು, ಎಲ್ಲಿ, ಯಾವುದರಿಂದ ಹೊಡೆದರೆಂದು ವೈದ್ಯರಿಗೆ ಹೇಳಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿಸಿ. ಬಾಸುಂಡೆ ಬೇಗ ಮಾಯುತ್ತದೆ, ಫೋಟೊ ತೆಗೆದಿಡಿ. ಠಾಣೆಯ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಕನಿಷ್ಠ ಒಂದು ವರ್ಷವಾದರೂ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ. ಅವನ್ನು ಅಳಿಸದಂತೆ ಎಸ್‌ಪಿಗೆ ಬರೆದು ಸ್ವೀಕೃತಿ ಪಡೆಯಿರಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಿ. ಅದಕ್ಕೆ ಒಂದು ವರ್ಷದ ಗಡುವಿದೆ. ವಕೀಲರಿಗೆ ದುಡ್ಡಿಲ್ಲವೆಂದಿದ್ದೀರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ನೆರವು ಉಚಿತ.

‘ನಮ್ಮಂಥವರ ಮಾತು ಯಾರು ಕೇಳ್ತಾರೆ?’ ಎಂದು ಬರೆದಿದ್ದೀರಲ್ಲ, ಒಡಿಶಾದ ನೀಲಬತಿ ಬೆಹೆರಾ ಅವರನ್ನು ನೆನೆಯಿರಿ. ಪೊಲೀಸ್ ವಶದಲ್ಲಿದ್ದ ಮಗನನ್ನು ಕಳೆದುಕೊಂಡ ಆ ತಾಯಿಯ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು. 1993ರ ತೀರ್ಪಿನಲ್ಲಿ ಸರ್ಕಾರವೇ ಹೊಣೆಯೆಂದು ಹೇಳಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿಯೂ ಇನ್ನೂ ಅನುಮೋದಿಸಿಲ್ಲವೆಂಬುದು ನನಗೆ ನೋವಿನ ಸಂಗತಿ. ಆದರೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ನಿಮ್ಮ ಕೈಯಲ್ಲಿದೆ.

ನಿಮ್ಮ ತಮ್ಮ ಬೂಟಿನ ಸದ್ದಿಗೆ ಬೆಚ್ಚುವುದು, ರಾತ್ರಿ ನಿದ್ದೆ ಬಾರದಿರುವುದು ಹೇಡಿತನವಲ್ಲ, ಪೆಟ್ಟಿನದೇ ಭಾಗ. ನಡೆದದ್ದನ್ನು ಪದೇಪದೇ ಕೆದಕಿ ಕೇಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಸಲ ನೀವೇ ಮಾಡಿ, ಅವನು ಪಕ್ಕದಲ್ಲಿರಲಿ.