ಬಿಗ್ ಬೆನ್: ಲೋಲಕದ ಮೇಲೊಂದು ನಾಣ್ಯ

ಲಂಡನ್ನಿನ ಥೇಮ್ಸ್ ನದಿ ದಡದ ಗಡಿಯಾರ ಗೋಪುರವನ್ನು ನಾವೆಲ್ಲ ‘ಬಿಗ್ ಬೆನ್’ ಎನ್ನುತ್ತೇವೆ. ನಿಜವಾಗಿ ಅದು ಒಳಗಿರುವ 13.7 ಟನ್ ತೂಕದ ಗಂಟೆಯ ಹೆಸರು. ಗೋಪುರಕ್ಕೆ 2012ರಿಂದ ‘ಎಲಿಜಬೆತ್ ಟವರ್’ ಎಂಬ ಹೆಸರಿದೆ.

1834ರಲ್ಲಿ ಹಳೆಯ ಸಂಸತ್ ಭವನ ಬೆಂಕಿಗೆ ಆಹುತಿಯಾಯಿತು. ಹೊಸ ಭವನವನ್ನು ಕಟ್ಟುವ ಹೊಣೆ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ ಅವರದಾಯಿತು. ಗಾಥಿಕ್ ಶೈಲಿಯ ಈ ಗೋಪುರದ ವಿನ್ಯಾಸ ಅಗಸ್ಟಸ್ ಪ್ಯೂಜಿನ್ ಅವರದು. ಎತ್ತರ 96 ಮೀಟರ್. ನಾಲ್ಕೂ ಬದಿಯಲ್ಲಿ ಸುಮಾರು 7 ಮೀಟರ್ ವ್ಯಾಸದ ಗಡಿಯಾರದ ಮುಖಗಳಿವೆ.

ಗಡಿಯಾರ 1859ರ ಮೇ 31ರಂದು ಓಡತೊಡಗಿತು. ಕೆಲವೇ ತಿಂಗಳಲ್ಲಿ ಗಂಟೆ ಬಿರುಕು ಬಿಟ್ಟಿತು. ಅದನ್ನು ತುಸು ತಿರುಗಿಸಿ, ಹಗುರವಾದ ಸುತ್ತಿಗೆ ಅಳವಡಿಸಿದರು. ಇಂದಿಗೂ ಮೊಳಗುವುದು ಅದೇ ಬಿರುಕಿನ ಗಂಟೆ.

ಗಡಿಯಾರ ಹಿಂದೆ ಬಿದ್ದರೆ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯವೊಂದನ್ನು ಇಡುತ್ತಾರೆ. ಅಷ್ಟಕ್ಕೇ ಅದು ದಿನಕ್ಕೆ 0.4 ಸೆಕೆಂಡ್ ವೇಗವಾಗುತ್ತದೆ. ನಾಣ್ಯ ತೆಗೆದರೆ ಅಷ್ಟೇ ನಿಧಾನವಾಗುತ್ತದೆ. ಕಾರಣ ಸರಳ: ನಾಣ್ಯದಿಂದ ದ್ರವ್ಯರಾಶಿ ಕೇಂದ್ರ ತುಸು ಮೇಲೇರಿ, ಲೋಲಕದ ಪರಿಣಾಮಕಾರಿ ಉದ್ದ ಕಡಿಮೆಯಾಗುತ್ತದೆ. ಉದ್ದ ಕಡಿಮೆಯಾದರೆ ಆಂದೋಲನದ ಅವಧಿಯೂ ಕಡಿಮೆ. ನಮ್ಮ ಪ್ರಯೋಗಾಲಯದಲ್ಲಿ ಲೋಲಕದ ದಾರವನ್ನು ಗಿಡ್ಡ ಮಾಡಿದಾಗ ನಾವು ಕಾಣುವುದೂ ಇದನ್ನೇ.