ಸರ್ಚ್‌ನಿಂದ ಬರುವ ಓದುಗರನ್ನೇ ನಂಬಿ ಕೂರಬೇಡ

ನೋಡಮ್ಮಾ, ತಾಲ್ಲೂಕಿನ ಸುದ್ದಿಗೆಂದೇ ಜಾಲತಾಣ ಶುರು ಮಾಡಿದ್ದೀಯ, ಸಂತೋಷ. ಆದರೆ ಓದುಗರಲ್ಲಿ ಮುಕ್ಕಾಲು ಪಾಲು ಗೂಗಲ್‌ನಿಂದಲೇ ಬರುತ್ತಾರೆ ಅಂದೆಯಲ್ಲ, ಅಲ್ಲೇ ನನಗೆ ಅಳುಕು. ಅಲ್ಲಿ ನಿನ್ನ ಸುದ್ದಿ ಎಷ್ಟು ಸಾಲು ಕಾಣಬೇಕು, ಕಾಣಲೇಬೇಕೇ ಎಂಬುದೆಲ್ಲ ಒಂದು ಹಕ್ಕುಸ್ವಾಮ್ಯ ಕಾಯ್ದೆಯಿಂದ ತಲೆಕೆಳಗಾಗಬಹುದು.

ಜರ್ಮನಿಯನ್ನೇ ತಗೋ. ಸುದ್ದಿಯ ತುಣುಕು ತೋರಿಸುವ ಸರ್ಚ್ ಕಂಪನಿಗಳಿಂದ ಹಣ ಕೇಳುವ ಹಕ್ಕು 2013ರಲ್ಲಿ ಅಲ್ಲಿನ ಪ್ರಕಾಶಕರಿಗೆ ಸಿಕ್ಕಿತು. ಗೂಗಲ್ ಹಣ ಕೊಡಲಿಲ್ಲ. ಪುಕ್ಕಟೆ ಒಪ್ಪಿಗೆ ಕೊಡದವರ ತುಣುಕನ್ನೇ ತೆಗೆಯಿತು. 2014ರಲ್ಲಿ ಆಕ್ಸೆಲ್ ಸ್ಪ್ರಿಂಗರ್‌ನಂಥ ದೈತ್ಯ ಸಂಸ್ಥೆಯ ಕೆಲವು ತಾಣಗಳಿಗೂ ಅದೇ ಗತಿಯಾಯಿತು. ಸರ್ಚ್‌ನಿಂದ ಬರುವ ಓದುಗರು ಶೇ 40ರಷ್ಟು, ಗೂಗಲ್ ನ್ಯೂಸ್‌ನಿಂದ ಬರುವವರು ಶೇ 80ರಷ್ಟು ಕಡಿಮೆಯಾದರೆಂದು ಸಂಸ್ಥೆಯೇ ಹೇಳಿ, ಎರಡು ವಾರದಲ್ಲಿ ಪುಕ್ಕಟೆಗೆ ಒಪ್ಪಿತು.

ಸ್ಪೇನ್ ಇನ್ನೂ ಬಿಗಿ ಮಾಡಿತು: ಪ್ರಕಾಶಕರು ತಮಗೆ ಬೇಡವೆಂದರೂ ಶುಲ್ಕ ಬಿಟ್ಟುಕೊಡುವಂತಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಗೂಗಲ್ ನ್ಯೂಸ್ ಅಲ್ಲಿ ಬಾಗಿಲು ಹಾಕಿತು, ತೆರೆದದ್ದು 2022ರಲ್ಲಿ. ಹೆಸರಿದ್ದ ಪತ್ರಿಕೆಗಳು ಹೇಗೋ ತಡೆದುಕೊಂಡವು, ಹೆಚ್ಚು ಪೆಟ್ಟು ತಿಂದದ್ದು ನಿನ್ನಂಥ ಸಣ್ಣವರೇ.

ಹಾಗಂತ ಕಾಯ್ದೆಯೇ ಬೇಡ ಎನ್ನಬೇಡ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನವು ಲಿಂಕನ್ನೂ ತೀರಾ ಚಿಕ್ಕ ಉದ್ಧರಣೆಯನ್ನೂ ಮುಕ್ತವಾಗಿ ಬಿಟ್ಟು, ಉಳಿದದ್ದಕ್ಕೆ ಪ್ರಕಾಶಕರ ಅನುಮತಿ ಬೇಕೆಂದಿತು. ಫ್ರಾನ್ಸ್‌ನಲ್ಲಿ ಗೂಗಲ್ ಮತ್ತದೇ ಪಟ್ಟು ಹಾಕಿದಾಗ ಸ್ಪರ್ಧಾ ಪ್ರಾಧಿಕಾರ ಮಾತುಕತೆಗೆ ಕೂರಿಸಿತು. ಮಾತುಕತೆ ಸರಿಯಾಗಿ ನಡೆಸಲಿಲ್ಲವೆಂದು 2021ರಲ್ಲಿ 50 ಕೋಟಿ ಯೂರೋ ದಂಡವನ್ನೂ ಹಾಕಿತು. ಬೆನ್ನಿಗೆ ಗಟ್ಟಿ ಪ್ರಾಧಿಕಾರವಿದ್ದರೆ ಮಾತ್ರ ಕಾಗದದ ಮೇಲಿನ ಹಕ್ಕು ಕೈಗೆ ಬರುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರಕಾಶಕರಿಗೆ ಅಂಥ ಪ್ರತ್ಯೇಕ ಹಕ್ಕಿಲ್ಲ. ಆದರೆ ಸುದ್ದಿಸಂಸ್ಥೆ ಎಎನ್‌ಐ, ತನ್ನ ಸುದ್ದಿಯನ್ನು ಅನುಮತಿಯಿಲ್ಲದೆ ಬಳಸಿತೆಂದು 2024ರಲ್ಲಿ ಎಐ ಕಂಪನಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಇಲ್ಲೂ ಚರ್ಚೆ ಬಿಸಿಯಾಗಿದೆ.

ಅದಕ್ಕೇ ಈಗಿಂದಲೇ ತಯಾರಾಗು. ತುಣುಕು ಹೋಗಿ ತಲೆಬರಹವೊಂದೇ ಉಳಿದರೂ ಸುದ್ದಿ ತಿಳಿಯಬೇಕು, ‘ಏನಾಯಿತು ಗೊತ್ತೇ?’ ಎಂಬ ಗಾಳದ ಶೀರ್ಷಿಕೆ ಬಿಡು. ಯಾವ ಕಂಪನಿಯ ಒಪ್ಪಂದಕ್ಕೂ ಓದದೆ ಸಹಿ ಹಾಕಬೇಡ. ಚೌಕಾಸಿಗೆ ಒಬ್ಬಳೇ ಹೋಗದೆ ನಿನ್ನಂಥವರ ಜೊತೆ ಸೇರು. ಎಲ್ಲಕ್ಕಿಂತ ಮುಖ್ಯವಾಗಿ, ಅಡಿಕೆ ಧಾರಣೆ, ಪಂಚಾಯಿತಿ ಸಭೆ, ಕರೆಂಟು ಹೋಗುವ ಹೊತ್ತು, ಇವನ್ನು ತಪ್ಪದೆ ಕೊಡು. ಇವಕ್ಕಾಗಿ ನಿನ್ನ ತಾಣದ ಹೆಸರನ್ನೇ ಟೈಪ್ ಮಾಡಿ ಬರುವವರು ಎಷ್ಟು ಮಂದಿ ಎಂದು ತಿಂಗಳಿಗೊಮ್ಮೆ ಎಣಿಸು. ಒಟ್ಟು ಕ್ಲಿಕ್ಕಿನ ಲೆಕ್ಕ ಆಮೇಲೆ.