ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ: ತಪ್ಪು ತಾಯಿಯದ್ದಲ್ಲ

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಪುಟ್ಟ ಗ್ರಂಥಿಯೇ ಥೈರಾಯ್ಡ್. ಅದು ಸ್ರವಿಸುವ ಹಾರ್ಮೋನ್ ದೊಡ್ಡವರಲ್ಲಿ ದೇಹದ ಶಾಖ, ತೂಕ, ಹೃದಯ ಬಡಿತಗಳನ್ನು ಹಿಡಿತದಲ್ಲಿಡುತ್ತದೆ. ಹಸುಗೂಸುಗಳಲ್ಲಿ ಅದಕ್ಕೆ ಇನ್ನೂ ದೊಡ್ಡ ಕೆಲಸವಿದೆ. ಮೊದಲ ಎರಡು-ಮೂರು ವರ್ಷ ಮೆದುಳು ಬೆಳೆಯಲು ಈ ಹಾರ್ಮೋನ್ ಬೇಕೇ ಬೇಕು. ಆ ಸಮಯದಲ್ಲಿ ಕೊರತೆಯಾದರೆ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ. ಆಗ ಆದ ನಷ್ಟವನ್ನು ಮುಂದೆ ಯಾವ ಔಷಧಿಯೂ ಪೂರ್ತಿ ತುಂಬಿಕೊಡಲಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನವಜಾತ ಶಿಶುಗಳಲ್ಲಿ ನಡೆಸಿದ ತಪಾಸಣೆಯಲ್ಲಿ ಸುಮಾರು 1130 ಮಕ್ಕಳಲ್ಲಿ ಒಂದಕ್ಕೆ ಈ ಕೊರತೆ ಕಂಡುಬಂತು. ಇದು ಅಪರೂಪದ ಕಾಯಿಲೆಯಲ್ಲ. ಆದರೂ ಮನೆಯಲ್ಲಿ ಇಂಥ ಮಗು ಹುಟ್ಟಿದಾಗ ಮೊದಲು ಕೇಳಿಬರುವ ಮಾತು, "ಬಸಿರಿಯಾಗಿದ್ದಾಗ ಏನು ತಿಂದಳೋ?" ಎಂಬುದು. ಈ ಮಾತು ಎಷ್ಟು ತಪ್ಪು ಎಂಬುದನ್ನು ತಿಳಿಯಲು ಕಾಯಿಲೆಯ ಮೂಲವನ್ನು ನೋಡಬೇಕು.

ಎರಡು ಬಗೆಯ ಕಾರಣಗಳು

ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಗ್ರಂಥಿಯೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಕೆಲವರಲ್ಲಿ ಅದು ಇರುವುದೇ ಇಲ್ಲ, ಕೆಲವರಲ್ಲಿ ನಾಲಗೆಯ ಬುಡದಲ್ಲಿ ಉಳಿದುಬಿಟ್ಟಿರುತ್ತದೆ. ಇದು ಸಾಮಾನ್ಯವಾಗಿ ಕುಟುಂಬದಲ್ಲಿ ಹರಿದು ಬರುವುದಿಲ್ಲ.

ಎರಡನೆಯ ಬಗೆಯಲ್ಲಿ ಗ್ರಂಥಿ ತನ್ನ ಜಾಗದಲ್ಲೇ ಇರುತ್ತದೆ, ಆದರೆ ಹಾರ್ಮೋನ್ ತಯಾರಿಸಲು ಬಾರದು. ಒಟ್ಟು ಮಕ್ಕಳಲ್ಲಿ ಶೇಕಡಾ 15ರಿಂದ 20ರಷ್ಟು ಈ ಗುಂಪಿನವರು. ವಂಶಪಾರಂಪರ್ಯವಾಗಿ ಬರುವುದು ಮುಖ್ಯವಾಗಿ ಇದೇ.

ಹಾರ್ಮೋನ್ ತಯಾರಾಗುವುದು ಹಲವು ಹಂತಗಳಲ್ಲಿ. ರಕ್ತದಲ್ಲಿರುವ ಅಯೋಡಿನನ್ನು ಗ್ರಂಥಿಯ ಕೋಶ ಒಳಕ್ಕೆ ಎಳೆದುಕೊಳ್ಳಬೇಕು. ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿಗೆ ಅದನ್ನು ಜೋಡಿಸಬೇಕು. ಉಳಿದ ಅಯೋಡಿನನ್ನು ಮತ್ತೆ ಬಳಕೆಗೆ ತರಬೇಕು. ಒಂದೊಂದು ಕೆಲಸಕ್ಕೂ ಒಂದೊಂದು ಜೀನ್, ಅಂದರೆ ವಂಶವಾಹಿ ಇದೆ. ಅಯೋಡಿನನ್ನು ಜೋಡಿಸುವ 'ಟಿಪಿಒ' ಎಂಬ ಜೀನಿನಲ್ಲಿ ದೋಷವಿದ್ದರೆ ಒಳಗೆ ಬಂದ ಅಯೋಡಿನ್ ಕೆಲಸಕ್ಕೆ ಬಾರದೆ ಹೊರಗೆ ಹೋಗುತ್ತದೆ. ಹಾರ್ಮೋನ್ ಸಾಲದೆಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಮೂಲಕ ಥೈರಾಯ್ಡನ್ನು ಒತ್ತಾಯಿಸುತ್ತಲೇ ಇರುತ್ತದೆ. ಆ ಒತ್ತಾಯಕ್ಕೆ ಗ್ರಂಥಿ ಊದಿ ಗಳಗಂಡವಾಗಬಹುದು. ಇಂಥ ಗಳಗಂಡ ಅಯೋಡಿನ್ ಉಪ್ಪು ತಿಂದರೆ ಹೋಗುವಂಥದ್ದಲ್ಲ.

ಕಿವುಡುತನ ಮತ್ತು ಗಳಗಂಡ

1896ರಲ್ಲಿ ವಾನ್ ಪೆಂಡ್ರೆಡ್ ಎಂಬ ವೈದ್ಯರು ಕಿವುಡುತನ ಮತ್ತು ಗಳಗಂಡ ಎರಡೂ ಇದ್ದ ಅಕ್ಕ-ತಂಗಿಯರ ಬಗ್ಗೆ ಬರೆದರು. ಅವರ ಹೆಸರಿನಲ್ಲೇ ಕರೆಯಲಾಗುವ ಈ ಕಾಯಿಲೆಗೆ ಕಾರಣವಾದ ಜೀನ್ ಪತ್ತೆಯಾದದ್ದು ನೂರೊಂದು ವರ್ಷಗಳ ನಂತರ, 1997ರಲ್ಲಿ. ಇದರಲ್ಲಿ ಕಿವುಡುತನ ಚಿಕ್ಕಂದಿನಲ್ಲೇ ಕಾಣಿಸಿಕೊಳ್ಳುತ್ತದೆ, ಗಳಗಂಡ ಸಾಮಾನ್ಯವಾಗಿ ವರ್ಷಗಳ ನಂತರ ಬರುತ್ತದೆ. ಆದ್ದರಿಂದ ಕಿವಿ ಕೇಳದ ಮಗುವಿನ ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ವೈದ್ಯರಲ್ಲಿ ಕೇಳಬೇಕು.

ತಂದೆ-ತಾಯಿ ಇಬ್ಬರಿಂದಲೂ

ಪ್ರತಿ ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಮೇಲೆ ಹೇಳಿದ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ತೊಂದರೆ. ಒಂದೇ ಪ್ರತಿ ಕೆಟ್ಟಿರುವ ತಂದೆ-ತಾಯಿ ಆರೋಗ್ಯವಾಗಿಯೇ ಇರುತ್ತಾರೆ, ತಮ್ಮಲ್ಲಿ ಇಂಥದ್ದೊಂದು ಇದೆ ಎಂದು ಅವರಿಗೆ ತಿಳಿದಿರುವುದೂ ಇಲ್ಲ. ಮಗುವಿಗೆ ಕಾಯಿಲೆ ಬಂದರೆ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬಂದಿದೆ ಎಂದೇ ಅರ್ಥ. ಸೊಸೆಯನ್ನು ದೂರುವುದರಲ್ಲಿ ನ್ಯಾಯವಿಲ್ಲ.

ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. 'ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ' ಎಂದು ಲೆಕ್ಕ ಹಾಕಬಾರದು.

ಹತ್ತಿರದ ಸಂಬಂಧಿಕರಲ್ಲಿ ಒಂದೇ ಅಜ್ಜ-ಅಜ್ಜಿಯಿಂದ ಬಂದ ಒಂದೇ ದೋಷವಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥ ಕಾಯಿಲೆಗಳು ಹೆಚ್ಚಾಗಿ ಕಾಣುತ್ತವೆ. ಇದರರ್ಥ ಅಂಥ ಮದುವೆಗಳಲ್ಲಿ ಹುಟ್ಟಿದವರಿಗೆಲ್ಲ ಕಾಯಿಲೆ ಬರುತ್ತದೆ ಎಂದಲ್ಲ, ಹೆಚ್ಚಿನವರು ಆರೋಗ್ಯವಂತರೇ. ಅಣ್ಣ-ತಮ್ಮಂದಿರ, ಅಕ್ಕ-ತಂಗಿಯರ ಮಕ್ಕಳ ನಡುವೆ ಮದುವೆಗೆ ಇಸ್ಲಾಮಿನಲ್ಲಿ ಅನುಮತಿ ಇದೆ, ಕಡ್ಡಾಯವಿಲ್ಲ. ಕುಟುಂಬದಲ್ಲಿ ಈಗಾಗಲೇ ಇಂಥ ಮಗು ಇದ್ದರೆ, ಮತ್ತೊಂದು ಸಂಬಂಧ ಗೊತ್ತುಮಾಡುವ ಮೊದಲು ಜೆನೆಟಿಕ್ ಸಲಹೆ ಪಡೆಯುವುದು ಜಾಣತನ.

ಲಕ್ಷಣಕ್ಕಾಗಿ ಕಾಯಬೇಡಿ

ಗರ್ಭದಲ್ಲಿರುವಾಗ ತಾಯಿಯ ಹಾರ್ಮೋನ್ ಸ್ವಲ್ಪಮಟ್ಟಿಗೆ ಮಗುವಿಗೂ ಸಿಗುವುದರಿಂದ ಹುಟ್ಟಿದಾಗ ಹೆಚ್ಚಿನ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಬರಬರುತ್ತಾ ಮಗು ಸದಾ ನಿದ್ದೆ ಮಾಡುತ್ತದೆ, ಹಾಲು ಸರಿಯಾಗಿ ಕುಡಿಯುವುದಿಲ್ಲ. ಕಾಮಾಲೆ ಬೇಗ ಇಳಿಯುವುದಿಲ್ಲ. ಮಲಬದ್ಧತೆ, ಒರಟು ಅಳು, ಊದಿದ ಹೊಕ್ಕುಳು, ದಪ್ಪ ನಾಲಗೆ ಕಾಣಿಸಬಹುದು. 'ಪಾಪ, ಅಳುವುದೇ ಇಲ್ಲ, ಬಹಳ ಒಳ್ಳೆಯ ಮಗು' ಎಂದು ಮನೆಯವರು ಸಂತೋಷಪಡುವಷ್ಟರಲ್ಲಿ ಅಮೂಲ್ಯ ವಾರಗಳು ಕಳೆದಿರುತ್ತವೆ.

ಹುಟ್ಟಿದ ಎರಡು-ಮೂರು ದಿನಗಳಲ್ಲಿ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡಿದರೆ ಸಾಮಾನ್ಯವಾಗಿ ಕೊರತೆ ಗೊತ್ತಾಗುತ್ತದೆ. ಹೆರಿಗೆ ಆಸ್ಪತ್ರೆಯಿಂದ ಹೊರಡುವ ಮೊದಲು 'ಥೈರಾಯ್ಡ್ ಪರೀಕ್ಷೆ ಆಗಿದೆಯೇ?' ಎಂದು ಕೇಳಿ, ವರದಿಯನ್ನು ತಪ್ಪದೆ ಪಡೆದುಕೊಳ್ಳಿ. ಕೊರತೆ ಖಚಿತವಾದರೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು. ಹಾಗಾದರೆ ಹೆಚ್ಚಿನ ಮಕ್ಕಳು ಉಳಿದವರಂತೆಯೇ ಓದಿ ಬೆಳೆಯುತ್ತಾರೆ.

ಮಾತ್ರೆ ಕೊಡುವಾಗ

* ಥೈರಾಕ್ಸಿನ್ ಮಾತ್ರೆಯನ್ನು ಪುಡಿಮಾಡಿ ಒಂದೆರಡು ಚಮಚ ಎದೆಹಾಲು ಅಥವಾ ನೀರಿನಲ್ಲಿ ಕಲಸಿ ಕೂಡಲೇ ಕೊಡಿ. ಕಲಸಿಟ್ಟು ಮರುದಿನಕ್ಕೆ ಉಳಿಸಬೇಡಿ, ಹಾಲಿನ ಬಾಟಲಿಗೆ ಬೆರೆಸಬೇಡಿ.
* ಕಬ್ಬಿಣ ಅಥವಾ ಕ್ಯಾಲ್ಸಿಯಂ ಔಷಧಿಯ ಜೊತೆ ಕೊಡಬೇಡಿ, ನಾಲ್ಕು ಗಂಟೆ ಅಂತರವಿರಲಿ.
* ಮಗು ಚುರುಕಾಗಿದೆ ಎಂದು ಮಾತ್ರೆ ನಿಲ್ಲಿಸಬೇಡಿ. ಕೆಲವು ಮಕ್ಕಳಲ್ಲಿ ಕೊರತೆ ತಾತ್ಕಾಲಿಕವಾಗಿರಬಹುದು, ಆದರೆ ಅದನ್ನು ಮೂರು ವರ್ಷದ ಸುಮಾರಿಗೆ ವೈದ್ಯರೇ ಪರೀಕ್ಷಿಸಿ ಹೇಳಬೇಕು.
* ಮಗು ಬೆಳೆದಂತೆ ಪ್ರಮಾಣ ಬದಲಾಗುತ್ತದೆ. ಹೇಳಿದ ದಿನಕ್ಕೆ ರಕ್ತಪರೀಕ್ಷೆ ಮಾಡಿಸಿ.
* ದೊಡ್ಡವರಾದ ಮೇಲೆ ರಮಝಾನ್ ಉಪವಾಸ ಹಿಡಿಯುವವರು ಮಾತ್ರೆಯನ್ನು ಸಹರಿಯ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ತೆಗೆದುಕೊಳ್ಳಬಹುದು. ಸಮಯ ಬದಲಿಸುವ ಮೊದಲು ವೈದ್ಯರನ್ನು ಕೇಳಿ.

ವಂಶದಲ್ಲಿ ಬಂದದ್ದನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಸಕಾಲದ ಪರೀಕ್ಷೆ ಮತ್ತು ದಿನಕ್ಕೊಂದು ಬಾರಿಯ ಅಗ್ಗದ ಮಾತ್ರೆ ನಮ್ಮ ಕೈಯಲ್ಲಿವೆ. ತಾಯಿಯನ್ನು ದೂರುವ ಹೊತ್ತಿನಲ್ಲಿ ಮಗುವನ್ನು ಪರೀಕ್ಷೆಗೆ ಕರೆದೊಯ್ದರೆ ಆ ಮಗುವಿನ ಇಡೀ ಬದುಕು ಉಳಿಯುತ್ತದೆ.